ಹಬರ್ಟ್ ಎಳೆದ ಗೆರೆ ಮತ್ತು ಅನಿಲದ ಲೆಕ್ಕ

ಅಮೆರಿಕದ ನೈಸರ್ಗಿಕ ಅನಿಲದ ಉತ್ಪಾದನೆ ಯಾವ ವರ್ಷ ತುದಿ ಮುಟ್ಟಿ ಇಳಿಯಲು ಶುರುವಾಗುತ್ತೆ ಅಂತ 1956ರಲ್ಲೇ ಒಬ್ಬರು ಲೆಕ್ಕ ಹಾಕಿ ಹೇಳಿದ್ದರು. ಮರುವರ್ಷ, 1957ರಲ್ಲಿ, ನೆಲದಾಳದ ಬಂಡೆಗೆ ಒತ್ತಡದಲ್ಲಿ ದ್ರವ ನುಗ್ಗಿಸಿದರೆ ಅದು ಯಾವ ದಿಕ್ಕಿನಲ್ಲಿ ಸೀಳುತ್ತೆ ಅನ್ನೋದನ್ನೂ ಅವರೇ ಸಹಲೇಖಕರೊಬ್ಬರ ಜೊತೆ ಬರೆದರು. ಮೊದಲ ಲೆಕ್ಕ ಅವರಿಗೆ ಹೆಸರು ತಂದಿತು. ಎರಡನೆಯದನ್ನು ಆಧರಿಸಿ ಬೆಳೆದ ತಂತ್ರಜ್ಞಾನ ಐವತ್ತು ವರ್ಷಗಳ ನಂತರ ಮೊದಲ ಲೆಕ್ಕವನ್ನೇ ತಲೆಕೆಳಗು ಮಾಡಿತು. ಅವರ ಹೆಸರು ಮರಿಯನ್ ಕಿಂಗ್ ಹಬರ್ಟ್.

ಪೀಕ್ ಆಯಿಲ್ ಅನ್ನೋ ಮಾತು ಕೇಳಿದವರಿಗೆ ಈ ಹೆಸರು ಗೊತ್ತಿರಬಹುದು. ತೈಲದ ವಿಷಯದಲ್ಲಿ ಅವರು ಹೇಳಿದ್ದು ನಿಜವಾದ ಕಥೆಯನ್ನು ಬೇಕಾದಷ್ಟು ಜನ ಹೇಳಿದ್ದಾರೆ. ಅನಿಲದ ಕಥೆಗೆ ಅಷ್ಟು ಪ್ರಚಾರ ಸಿಗಲಿಲ್ಲ. ಆದರೆ ಒಂದು ಮುನ್ನೋಟವನ್ನು ಹೇಗೆ ಓದಬೇಕು, ಹೇಗೆ ಓದಬಾರದು ಅಂತ ಕಲಿಯೋಕೆ ಅನಿಲದ ಕಥೆಯೇ ಹೆಚ್ಚು ಉಪಯೋಗಕ್ಕೆ ಬರುತ್ತೆ. ಅದನ್ನು ತಪ್ಪಾಗಿ ಓದಿದವರಲ್ಲಿ ಅಮೆರಿಕದ ಸಂಸತ್ತೂ ಇತ್ತು.

ಟೆಕ್ಸಾಸ್‌ನ ಹುಡುಗ

ಹಬರ್ಟ್ ಹುಟ್ಟಿದ್ದು 1903ರ ಅಕ್ಟೋಬರ್ 5ರಂದು, ಟೆಕ್ಸಾಸ್‌ನ ಸ್ಯಾನ್ ಸಾಬಾದಲ್ಲಿ. ಅದೇ ಸ್ಯಾನ್ ಸಾಬಾ ಕೌಂಟಿಯಲ್ಲಿ ಬಾರ್ನೆಟ್ ಅನ್ನೋ ಒಂದು ತೊರೆ ಇದೆ. ತೊರೆಯ ಹತ್ತಿರ ಕಪ್ಪು ಬಣ್ಣದ, ಪದರ ಪದರವಾದ ಬಂಡೆ ನೆಲದ ಮೇಲೆ ಕಾಣಿಸುತ್ತೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಆ ಪ್ರದೇಶದ ನಕ್ಷೆ ಮಾಡಿದ ಭೂವಿಜ್ಞಾನಿಗಳು ಅದಕ್ಕೆ ತೊರೆಯ ಹೆಸರನ್ನೇ ಇಟ್ಟರು, ಬಾರ್ನೆಟ್ ಶೇಲ್ ಅಂತ. ಶೇಲ್ ಅಂದರೆ ಕೋಟ್ಯಂತರ ವರ್ಷ ಅಮುಕಿಸಿಕೊಂಡು ಕಲ್ಲಾದ ಕೆಸರು. ಈ ಬಂಡೆಯ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತೆ.

ಊರ ಕಡೆಯ ಶಾಲೆ ಮುಗಿಸಿ ಹಬರ್ಟ್ ವೆದರ್‌ಫರ್ಡ್ ಅನ್ನೋ ಪಟ್ಟಣದ ಸಣ್ಣ ಕಾಲೇಜಿನಲ್ಲಿ ಎರಡು ವರ್ಷ ಓದಿದರು. ಅಲ್ಲಿಂದ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಹೋಗಿ ಭೂವಿಜ್ಞಾನ, ಭೌತಶಾಸ್ತ್ರ, ಗಣಿತ ಮೂರನ್ನೂ ಒಟ್ಟಿಗೆ ಹಿಡಿದರು. 1926ರಲ್ಲಿ ಪದವಿ, 1928ರಲ್ಲಿ ಸ್ನಾತಕೋತ್ತರ ಪದವಿ. ನಡುವೆ ಓಕ್ಲಹೋಮಾದ ತುಲ್ಸಾದಲ್ಲಿ ಅಮೆರಾಡಾ ಪೆಟ್ರೋಲಿಯಂ ಕಂಪನಿಯಲ್ಲಿ ಕೆಲಸ. 1931ರಿಂದ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ.

ಆ ಕಾಲದ ಭೂವಿಜ್ಞಾನ ಬಹುಮಟ್ಟಿಗೆ ನೋಡಿ, ಗುರುತಿಸಿ, ಹೆಸರಿಡುವ ವಿದ್ಯೆಯಾಗಿತ್ತು. ಹಬರ್ಟ್‌ಗೆ ಅದು ಸಾಲದು ಅನ್ನಿಸಿತ್ತು. ಬಂಡೆ ಬಾಗುವುದೂ ನೀರು ಹರಿಯುವುದೂ ಭೌತಶಾಸ್ತ್ರದ ನಿಯಮದಂತೆಯೇ, ಹಾಗಾಗಿ ಭೂವಿಜ್ಞಾನಿಗೆ ಗಣಿತ ಬರಲೇಬೇಕು ಅನ್ನೋದು ಅವರ ಹಟ. ಗಟ್ಟಿ ಬಂಡೆ ಇಡೀ ಖಂಡದ ಅಳತೆಯಲ್ಲಿ ಯಾಕೆ ಮೆತ್ತನೆಯ ಜೇಡಿಯಂತೆ ವರ್ತಿಸುತ್ತೆ ಅಂತ 1937ರಲ್ಲಿ ಲೆಕ್ಕದ ಮೂಲಕ ತೋರಿಸಿದರು. 1940ರಲ್ಲಿ ಅಂತರ್ಜಲದ ಚಲನೆಯ ಬಗ್ಗೆ ಬರೆದ ದೊಡ್ಡ ಪ್ರಬಂಧವನ್ನು ಆ ಕ್ಷೇತ್ರದವರು ಇವತ್ತಿಗೂ ನೆನೆಯುತ್ತಾರೆ. ವಾದಕ್ಕೆ ನಿಂತರೆ ಬಿಡುವವರಲ್ಲ. ಸಹೋದ್ಯೋಗಿಗಳಿಗೆ ಅವರ ಜೊತೆ ಏಗುವುದು ಕಷ್ಟವಾಗಿತ್ತು.

ದುಡ್ಡನ್ನು ನಂಬದ ಮನುಷ್ಯ

ಹಬರ್ಟ್ ನ್ಯೂಯಾರ್ಕ್‌ಗೆ ಬಂದಾಗ ಮಹಾ ಆರ್ಥಿಕ ಕುಸಿತದ ಕಾಲ. ಗೋದಾಮಿನಲ್ಲಿ ಸರಕಿದೆ, ಬೀದಿಯಲ್ಲಿ ಹಸಿದವರಿದ್ದಾರೆ. ಕಾರ್ಖಾನೆ ಇದೆ, ಕೆಲಸ ಇಲ್ಲ. ಇದನ್ನು ನೋಡಿದ ಕೆಲವು ಎಂಜಿನಿಯರುಗಳಿಗೆ ತಪ್ಪಿರುವುದು ಯಂತ್ರದಲ್ಲಲ್ಲ, ದುಡ್ಡಿನ ವ್ಯವಸ್ಥೆಯಲ್ಲಿ ಅನ್ನಿಸಿತು. ಹೊವರ್ಡ್ ಸ್ಕಾಟ್ ಅನ್ನುವವರ ಜೊತೆ ಸೇರಿ ಹಬರ್ಟ್ ಟೆಕ್ನಾಕ್ರಸಿ ಅನ್ನೋ ಸಂಘಟನೆ ಕಟ್ಟಿದರು. ಸಮಾಜದ ಲೆಕ್ಕವನ್ನು ಡಾಲರಿನಲ್ಲಿ ಅಲ್ಲ, ಶಕ್ತಿಯಲ್ಲಿ ಇಡಬೇಕು ಅನ್ನೋದು ಅದರ ತಿರುಳು. ಎಷ್ಟು ಕಲ್ಲಿದ್ದಲು, ಎಷ್ಟು ತೈಲ, ಎಷ್ಟು ವಿದ್ಯುತ್ ಖರ್ಚಾಯಿತು ಅನ್ನೋದೇ ನಿಜವಾದ ಲೆಕ್ಕ, ಬೆಲೆ ಅನ್ನೋದು ಬರೀ ಮೇಲುಹೊದಿಕೆ ಅನ್ನೋ ವಾದ. ಆ ಸಂಘಟನೆಯ ಅಧ್ಯಯನ ಪುಸ್ತಕದ ಬಹುಪಾಲು ಹಬರ್ಟ್ ಅವರದೇ.

ಈ ನಂಟಿನಿಂದ ಅವರಿಗೆ ತೊಂದರೆಯೂ ಆಯಿತು. ಎರಡನೇ ಮಹಾಯುದ್ಧದ ಸಮಯದಲ್ಲಿ ಸರ್ಕಾರದ ಬೋರ್ಡ್ ಆಫ್ ಎಕನಾಮಿಕ್ ವಾರ್‌ಫೇರ್‌ನಲ್ಲಿ ಕೆಲಸಕ್ಕಿದ್ದಾಗ, 1943ರಲ್ಲಿ, ಟೆಕ್ನಾಕ್ರಸಿ ಬಗ್ಗೆ ವಿಚಾರಣೆ ಎದುರಿಸಬೇಕಾಯಿತು. ಅದೇ ವರ್ಷ ಅವರು ಶೆಲ್ ಕಂಪನಿ ಸೇರಿ ಹ್ಯೂಸ್ಟನ್‌ಗೆ ಹೋದರು. ದುಡ್ಡಿನ ಲೆಕ್ಕವನ್ನು ನಂಬದ ಮನುಷ್ಯ ಜಗತ್ತಿನ ಅತಿ ದೊಡ್ಡ ತೈಲ ಕಂಪನಿಗಳಲ್ಲೊಂದರ ಸಂಶೋಧನಾಲಯದಲ್ಲಿ ಇಪ್ಪತ್ತು ವರ್ಷ ದುಡಿದರು.

ಟೆಕ್ನಾಕ್ರಸಿ ಕ್ರಮೇಣ ಮೂಲೆಗೆ ಸರಿಯಿತು. ಹಬರ್ಟ್ ತಲೆಯೊಳಗಿಂದ ಮಾತ್ರ ಆ ನಂಬಿಕೆ ಹೋಗಲಿಲ್ಲ. ಅವರ ಪ್ರಸಿದ್ಧ ಗೆರೆಯಲ್ಲಿ ಬೆಲೆಗೆ ಜಾಗವೇ ಇಲ್ಲದ್ದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ.

1956ರ ಗೆರೆ

ಆ ಗೆರೆಯ ಹಿಂದಿನ ಗಣಿತ ಎಂಜಿನಿಯರಿಂಗ್ ಮೊದಲ ವರ್ಷದ್ದು. ನೆಲದಡಿಯ ಅನಿಲ ಒಂದು ನಿಗದಿತ ಮೊತ್ತ. ಒಂದು ಕಾಲದಲ್ಲಿ ಅದರ ಉತ್ಪಾದನೆ ಸೊನ್ನೆ ಇತ್ತು, ಎಲ್ಲ ಮುಗಿದ ಮೇಲೆ ಮತ್ತೆ ಸೊನ್ನೆಯಾಗುತ್ತೆ. ನಡುವೆ ಏರಲೇಬೇಕು, ಇಳಿಯಲೇಬೇಕು. ವರ್ಷವನ್ನು ಅಡ್ಡಕ್ಕೆ, ವಾರ್ಷಿಕ ಉತ್ಪಾದನೆಯನ್ನು ಉದ್ದಕ್ಕೆ ಇಟ್ಟು ಗೆರೆ ಎಳೆದರೆ, ಆ ಗೆರೆಯ ಕೆಳಗಿನ ವಿಸ್ತೀರ್ಣವೇ ಒಟ್ಟು ಸಿಗುವ ಅನಿಲ. ಒಟ್ಟು ಮೊತ್ತ ಗೊತ್ತಿದ್ದರೆ, ಇಲ್ಲಿಯವರೆಗೆ ಎಷ್ಟು ತೆಗೆದಿದ್ದೇವೆ ಅಂತಲೂ ಗೊತ್ತಿದ್ದರೆ, ಗೆರೆ ಎಲ್ಲಿ ತಿರುಗುತ್ತೆ ಅಂತ ಸುಮಾರಾಗಿ ಹೇಳಬಹುದು. ಗಂಟೆಯ ಆಕಾರದ ಗೆರೆ.

1956ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಅಮೆರಿಕನ್ ಪೆಟ್ರೋಲಿಯಂ ಇನ್ಸ್ಟಿಟ್ಯೂಟ್ ಸಭೆಯಲ್ಲಿ ಹಬರ್ಟ್ ಇದನ್ನು ಮಂಡಿಸಿದರು. ಮಾತು ಶುರುವಾಗುವ ಸ್ವಲ್ಪ ಮೊದಲು ಶೆಲ್ ಕಚೇರಿಯಿಂದ ಫೋನ್ ಬಂತು, ಸ್ವಲ್ಪ ಮೆತ್ತಗೆ ಹೇಳಿ ಅಂತ. ಅವರು ಕೇಳಲಿಲ್ಲ. ತೈಲಕ್ಕೆ ಎರಡು ಗೆರೆ ತೋರಿಸಿದರು. ಅಮೆರಿಕದಲ್ಲಿ ಒಟ್ಟು ಸಿಗುವ ತೈಲ 15,000 ಕೋಟಿ ಬ್ಯಾರೆಲ್ ಅಂತಾದರೆ ತುದಿ 1965ರ ಸುಮಾರಿಗೆ, 20,000 ಕೋಟಿ ಅಂತಾದರೆ 1970ರ ಸುಮಾರಿಗೆ. ಅನಿಲಕ್ಕೆ ಒಟ್ಟು 850 ಲಕ್ಷ ಕೋಟಿ ಘನ ಅಡಿ ಅಂತ ಹಿಡಿದರು. ತುದಿ 1970ರ ಆಸುಪಾಸು, ಆಗ ವರ್ಷಕ್ಕೆ ಸುಮಾರು 14 ಲಕ್ಷ ಕೋಟಿ ಘನ ಅಡಿ.

ಇಡೀ ಮುನ್ನೋಟ ನಿಂತಿರುವುದು ಒಂದು ‘ಆದರೆ’ ಮೇಲೆ. ಒಟ್ಟು ಇಷ್ಟು ಅಂತಾದರೆ ತುದಿ ಅಷ್ಟೊತ್ತಿಗೆ. ತೈಲಕ್ಕೆ ಎರಡು ಗೆರೆ ಕೊಟ್ಟ ಹಬರ್ಟ್ ಇದನ್ನು ಮುಚ್ಚಿಡಲಿಲ್ಲ. ಮುಂದೆ ಓದಿದವರು ವರ್ಷವನ್ನು ಇಟ್ಟುಕೊಂಡು ‘ಆದರೆ’ಯನ್ನು ಬಿಟ್ಟರು.

ಜೆಲಾಟಿನ್ ಮತ್ತು ಪ್ಲಾಸ್ಟರ್

ಮರುವರ್ಷದ ಪ್ರಬಂಧ ಸಾಮಾನ್ಯ ಓದುಗರ ಕಣ್ಣಿಗೆ ಬೀಳಲೇ ಇಲ್ಲ. ಬಾವಿಯೊಳಗೆ ಒತ್ತಡದಲ್ಲಿ ದ್ರವ ಬಿಟ್ಟು ಬಂಡೆ ಸೀಳುವ ಪದ್ಧತಿಯನ್ನು ಹಬರ್ಟ್ ಕಂಡುಹಿಡಿಯಲಿಲ್ಲ. 1940ರ ದಶಕದ ಕೊನೆಯಲ್ಲೇ ತೈಲ ಕಂಪನಿಗಳು ಅದನ್ನು ಬಳಸಲು ಶುರು ಮಾಡಿದ್ದವು. ಆದರೆ ನೆಲದಾಳದಲ್ಲಿ ಬಿರುಕು ಹೇಗೆ ಓಡುತ್ತೆ ಅನ್ನೋದರ ಬಗ್ಗೆ ಅವುಗಳ ತಿಳುವಳಿಕೆ ತಪ್ಪಾಗಿತ್ತು. ಬಿರುಕು ಅಡ್ಡಲಾಗಿ, ಪದರಗಳ ನಡುವೆ ಹರಡುತ್ತೆ ಅಂತ ಬಹಳ ಜನ ನಂಬಿದ್ದರು.

ಹಬರ್ಟ್ ಮತ್ತು ಸಹಲೇಖಕ ಡೇವಿಡ್ ವಿಲ್ಲಿಸ್ ಇದನ್ನು ಭೌತಶಾಸ್ತ್ರದ ಕಣ್ಣಿನಿಂದ ನೋಡಿದರು. ಬಂಡೆಯನ್ನು ಎಲ್ಲ ಕಡೆಯಿಂದಲೂ ಭೂಮಿ ಒತ್ತುತ್ತಿರುತ್ತೆ, ಆದರೆ ಎಲ್ಲ ಕಡೆಯಿಂದ ಸಮನಾಗಿ ಅಲ್ಲ. ಎಲ್ಲಿ ಒತ್ತಡ ಕಡಿಮೆಯೋ ಆ ದಿಕ್ಕಿಗೆ ಬಾಯಿ ಬಿಡುವುದು ಬಂಡೆಗೆ ಸುಲಭ. ಆಳದಲ್ಲಿ ಮೇಲಿನ ಮಣ್ಣು ಕಲ್ಲಿನ ಭಾರವೇ ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು, ಹಾಗಾಗಿ ಬಿರುಕು ಹೆಚ್ಚಿನ ಕಡೆ ನೆಟ್ಟಗೆ ನಿಲ್ಲುತ್ತೆ. ಜೆಲಾಟಿನ್ ಮುದ್ದೆಯನ್ನು ಬೇರೆ ಬೇರೆ ಕಡೆಯಿಂದ ಒತ್ತಿ, ಒಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ದ್ರವ ಬಿಟ್ಟು ಅವರು ಇದನ್ನು ಕಣ್ಣೆದುರೇ ತೋರಿಸಿದರು. ಪ್ಲಾಸ್ಟರ್ ಗಟ್ಟಿಯಾದ ಮೇಲೆ ಬಿರುಕಿನ ಆಕಾರ ಹಾಗೇ ಉಳಿಯುತ್ತಿತ್ತು. ಇವತ್ತು ಅಡ್ಡಬಾವಿಯನ್ನು ಯಾವ ದಿಕ್ಕಿಗೆ ಕೊರೆಯಬೇಕು ಅಂತ ಎಂಜಿನಿಯರ್ ನಿರ್ಧರಿಸುವುದು ಇದೇ ನಿಯಮದ ಮೇಲೆ.

ಗೆದ್ದಂತೆ ಕಂಡ ವರ್ಷಗಳು

1964ರಲ್ಲಿ ಶೆಲ್‌ನಿಂದ ನಿವೃತ್ತರಾದ ಹಬರ್ಟ್ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಸೇರಿದರು. ಅಲ್ಲಿ ಅವರ ಮಾತಿಗೆ ತದ್ವಿರುದ್ಧವಾದ ನಿಲುವಿತ್ತು. ಆ ಸಂಸ್ಥೆಯ ಆಲ್ಫ್ರೆಡ್ ಜಾಪ್ 1960ರ ದಶಕದ ಆರಂಭದಲ್ಲಿ ಅಮೆರಿಕದ ಒಟ್ಟು ತೈಲ 59,000 ಕೋಟಿ ಬ್ಯಾರೆಲ್ ಅಂತ ಅಂದಾಜು ಮಾಡಿದ್ದರು. ಎಷ್ಟು ಅಡಿ ಕೊರೆದರೆ ಇಲ್ಲಿಯವರೆಗೆ ಎಷ್ಟು ಸಿಕ್ಕಿತೋ, ಮುಂದೆ ಕೊರೆದರೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತೆ ಅನ್ನೋ ತರ್ಕ. ದೊಡ್ಡ ನಿಕ್ಷೇಪಗಳು ಮೊದಲೇ ಸಿಕ್ಕಿಬಿಡುತ್ತವೆ, ಆಮೇಲೆ ಪ್ರತಿ ಅಡಿಗೂ ಸಿಗುವುದು ಕಡಿಮೆಯಾಗುತ್ತಾ ಹೋಗುತ್ತೆ ಅಂತ ಹಬರ್ಟ್ ಅಂಕಿಗಳನ್ನಿಟ್ಟು ತೋರಿಸಿದರು. 1971ರಲ್ಲಿ ಸಂಸ್ಥೆಯ ಮುಖ್ಯಸ್ಥರಾದ ವಿನ್ಸೆಂಟ್ ಮೆಕೆಲ್ವಿ ಜೊತೆಗಿನ ಜಟಾಪಟಿ ವರ್ಷಗಟ್ಟಲೆ ನಡೆಯಿತು.

ಅಷ್ಟರಲ್ಲಿ ಅಂಕಿಗಳು ಹಬರ್ಟ್ ಕಡೆ ವಾಲಿದವು. ಅಮೆರಿಕದ ತೈಲ ಉತ್ಪಾದನೆ 1970ರಲ್ಲಿ ತುದಿ ಮುಟ್ಟಿ ಇಳಿಯಿತು. ಅನಿಲದ ಉತ್ಪಾದನೆ 1973ರಲ್ಲಿ ತುದಿ ಮುಟ್ಟಿ ಇಳಿಯಿತು. ಗುಮಾಸ್ತನಂತೆ ನಕ್ಕು ಸುಮ್ಮನಿದ್ದವರು ಈಗ ಅವರನ್ನು ಸಂಸತ್ತಿನ ಸಮಿತಿಗಳಿಗೆ ಕರೆದು ಕೇಳಿದರು. 1956ರ ಒಂದು ಭಾಷಣ ಇಪ್ಪತ್ತು ವರ್ಷಗಳ ನಂತರ ಅವರನ್ನು ದೇಶಕ್ಕೆಲ್ಲ ಗೊತ್ತಿರುವ ಹೆಸರು ಮಾಡಿತು.

ಆದರೆ ಅನಿಲದ ಅಂಕಿಯನ್ನು ಹತ್ತಿರದಿಂದ ನೋಡಿದರೆ ಒಂದು ಎಡವಟ್ಟು ಕಾಣುತ್ತೆ. ವರ್ಷ ಹತ್ತಿರ ಹತ್ತಿರ ಸರಿ. ಎತ್ತರ ಮಾತ್ರ ತುಂಬಾ ತಪ್ಪು. ಹಬರ್ಟ್ ಹೇಳಿದ್ದ ತುದಿ 14 ಲಕ್ಷ ಕೋಟಿ, 1973ರಲ್ಲಿ ತೆಗೆದದ್ದು ಸುಮಾರು 22 ಲಕ್ಷ ಕೋಟಿ ಘನ ಅಡಿ. ಅಷ್ಟು ವೇಗವಾಗಿ ತೆಗೆದೂ ತುದಿ ಮೂರೇ ವರ್ಷ ತಡವಾಯಿತು ಅಂದರೆ, ಒಟ್ಟು ಮೊತ್ತ 850 ಲಕ್ಷ ಕೋಟಿಗಿಂತ ದೊಡ್ಡದಿರಬೇಕು, ಇಳಿಕೆಗೆ ಬೇರೆ ಏನೋ ಕಾರಣ ಇರಬೇಕು.

ಗೆರೆಯಲ್ಲಿ ಇಲ್ಲದ ಬೆಲೆ

ಆ ಕಾರಣ ಇದ್ದದ್ದು ವಾಷಿಂಗ್ಟನ್‌ನಲ್ಲಿ. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಫಿಲಿಪ್ಸ್ ಪೆಟ್ರೋಲಿಯಂ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮಾರುವ ಅನಿಲಕ್ಕೆ ಬಾವಿಯ ಬಾಯಲ್ಲೇ ಕೇಂದ್ರ ಸರ್ಕಾರ ಬೆಲೆ ಕಟ್ಟಬೇಕು ಅಂತ. ಗ್ರಾಹಕರಿಗೆ ಅನುಕೂಲವಾಗಲಿ ಅನ್ನೋ ಉದ್ದೇಶ. ಅಗ್ಗದ ಅನಿಲಕ್ಕೆ ಬೇಡಿಕೆ ಏರಿತು. ಹೊಸ ಬಾವಿ ಕೊರೆಯುವವನಿಗೆ ಮಾತ್ರ ಲಾಭ ಕಾಣಲಿಲ್ಲ. 1968ರಿಂದ ಹೊಸದಾಗಿ ಸಿಗುತ್ತಿದ್ದ ನಿಕ್ಷೇಪ ಬಳಕೆಗಿಂತ ಕಡಿಮೆಯಾಯಿತು. ಟೆಕ್ಸಾಸ್ ಒಳಗೇ ಮಾರಿದರೆ ಈ ಬೆಲೆ ಮಿತಿ ಅನ್ವಯವಾಗುತ್ತಿರಲಿಲ್ಲ, ಹಾಗಾಗಿ ಅಲ್ಲಿ ಅನಿಲ ಸಿಗುತ್ತಿತ್ತು. 1976-77ರ ಕಡುಚಳಿಯಲ್ಲಿ ಒಹಾಯೊ ಸೇರಿದಂತೆ ಉತ್ತರದ ರಾಜ್ಯಗಳಲ್ಲಿ ಅನಿಲವಿಲ್ಲದೆ ಶಾಲೆಗಳು ಮುಚ್ಚಿದವು, ಕಾರ್ಖಾನೆಗಳು ನಿಂತವು, ಲಕ್ಷಾಂತರ ಕಾರ್ಮಿಕರು ಮನೆಯಲ್ಲಿ ಕೂತರು.

ಜನ ಕಂಡದ್ದು ಕೊರತೆ. ಕೊರತೆಗೆ ವಿವರಣೆ ಹಬರ್ಟ್ ಗೆರೆಯಲ್ಲಿ ಸಿದ್ಧವಾಗಿತ್ತು. ಅನಿಲ ಮುಗಿಯುತ್ತಿದೆ ಅಂತ ಎಲ್ಲರೂ ನಂಬಿದರು. 1978ರಲ್ಲಿ ಸಂಸತ್ತು ಎರಡು ಕಾನೂನು ಒಟ್ಟಿಗೆ ಮಾಡಿತು. ಒಂದು, ಅನಿಲದ ಬೆಲೆಯ ಮೇಲಿನ ಹಿಡಿತವನ್ನು ಹಂತ ಹಂತವಾಗಿ ಸಡಿಲಿಸುವುದು. ಇನ್ನೊಂದು, ಹೊಸ ವಿದ್ಯುತ್ ಸ್ಥಾವರಗಳು ಅನಿಲ ಉರಿಸುವುದನ್ನು ನಿರ್ಬಂಧಿಸುವುದು. ಮೊದಲ ಕಾನೂನು ಕೆಲಸ ಮಾಡಿತು. 1980ರ ದಶಕದಲ್ಲಿ ಕೊರತೆಯ ಜಾಗದಲ್ಲಿ ಮಾರಾಟವಾಗದ ಅನಿಲ ತುಂಬಿಕೊಂಡಿತು. ಎರಡನೆಯದು ವಿದ್ಯುತ್ ಕಂಪನಿಗಳನ್ನು ಕಲ್ಲಿದ್ದಲಿನ ಕಡೆ ತಳ್ಳಿತು. 1987ರಲ್ಲಿ ಆ ನಿರ್ಬಂಧ ತೆಗೆದರು. ಅಷ್ಟರಲ್ಲಿ ಕಟ್ಟಿದ ಕಲ್ಲಿದ್ದಲು ಸ್ಥಾವರಗಳು ದಶಕಗಳ ಕಾಲ ಹೊಗೆ ಉಗುಳಿದವು. ತಪ್ಪಾಗಿ ಓದಿದ ಮುನ್ನೋಟದ ಬೆಲೆಯನ್ನು ಗಾಳಿ ತೆತ್ತಿತು.

ಇದಕ್ಕೆಲ್ಲ ಹಬರ್ಟ್ ಅವರನ್ನೇ ಹೊಣೆ ಮಾಡುವುದು ಅನ್ಯಾಯ. ಅವರು ಕಾನೂನು ಬರೆಯಲಿಲ್ಲ. 1962ರಲ್ಲೇ ಅನಿಲದ ಒಟ್ಟು ಅಂದಾಜನ್ನು ಏರಿಸಿ, ತುದಿಯನ್ನು 1970ರ ದಶಕದ ನಡುಭಾಗಕ್ಕೆ ಸರಿಸಿದ್ದರು. ಆದರೆ ಬೆಲೆಯನ್ನು ಲೆಕ್ಕದಿಂದ ಹೊರಗಿಟ್ಟವರು ಅವರೇ. ಯಾವ ಬೆಲೆಗೆ ಎಷ್ಟು ಅನಿಲ ಅಂತ ಕೇಳದೆ ಒಟ್ಟು ಎಷ್ಟು ಅನಿಲ ಅಂತ ಮಾತ್ರ ಕೇಳಿದರೆ, ಕಾನೂನಿನಿಂದ ಆದ ಇಳಿಕೆಗೂ ಬಂಡೆ ಬರಿದಾಗಿ ಆದ ಇಳಿಕೆಗೂ ವ್ಯತ್ಯಾಸವೇ ತಿಳಿಯುವುದಿಲ್ಲ.

1981ರ ವೆಟ್ಲೆಸನ್ ಪ್ರಶಸ್ತಿ ಹಬರ್ಟ್ ಅವರಿಗೆ ಬಂತು. ಭೂವಿಜ್ಞಾನದಲ್ಲಿ ಇದಕ್ಕಿಂತ ದೊಡ್ಡ ಗೌರವ ಕಡಿಮೆ. 1989ರ ಜುಲೈಯಲ್ಲಿ ಅನಿಲದ ಬಾವಿಬಾಯಿ ಬೆಲೆ ನಿಯಂತ್ರಣವನ್ನು ಪೂರ್ತಿ ತೆಗೆಯುವ ಕಾನೂನಿಗೆ ಸಹಿ ಬಿತ್ತು. ಅದೇ ವರ್ಷ ಅಕ್ಟೋಬರ್ 11ರಂದು, ಮೇರಿಲ್ಯಾಂಡ್‌ನ ಬೆತೆಸ್ಡಾದಲ್ಲಿ, 86ನೇ ವಯಸ್ಸಿನಲ್ಲಿ ಹಬರ್ಟ್ ತೀರಿಕೊಂಡರು.

ಬಾರ್ನೆಟ್ ಬಂಡೆ ಬಾಯಿಬಿಟ್ಟಾಗ

ಅಷ್ಟೊತ್ತಿಗಾಗಲೇ ಜಾರ್ಜ್ ಮಿಚೆಲ್ ಅನ್ನೋ ಉದ್ಯಮಿ ಟೆಕ್ಸಾಸ್‌ನ ಫೋರ್ಟ್ ವರ್ತ್ ಸುತ್ತ ಬಾರ್ನೆಟ್ ಶೇಲ್‌ನೊಳಗೆ ಬಾವಿ ಕೊರೆಯುತ್ತಿದ್ದರು. ಮೊದಲ ಬಾವಿ 1981ರಲ್ಲಿ. ಶೇಲ್‌ನಲ್ಲಿ ಅನಿಲ ಇದೆ ಅಂತ ಎಲ್ಲರಿಗೂ ಗೊತ್ತಿತ್ತು, ಹೊರಗೆ ತರುವುದು ಹೇಗೆ ಅಂತ ಗೊತ್ತಿರಲಿಲ್ಲ. 1990ರ ದಶಕದ ಕೊನೆಯಲ್ಲಿ, ದುಬಾರಿ ಜೆಲ್ ಬದಲು ಹೆಚ್ಚು ನೀರು, ಸ್ವಲ್ಪ ಮರಳು ಬಳಸಿ ಸೀಳಿದಾಗ ಬಂಡೆ ಬಾಯಿಬಿಟ್ಟಿತು. 2002ರಲ್ಲಿ ಮಿಚೆಲ್ ಕಂಪನಿಯನ್ನು ಕೊಂಡ ಡೆವನ್ ಎನರ್ಜಿ ಇದಕ್ಕೆ ಅಡ್ಡಬಾವಿ ಜೋಡಿಸಿತು. ಹಬರ್ಟ್ ಓದಿದ ವೆದರ್‌ಫರ್ಡ್ ಪಟ್ಟಣದ ಸುತ್ತಲೂ ಅನಿಲದ ಬಾವಿಗಳು ಎದ್ದವು. ಅವರ ಹುಟ್ಟೂರಿನ ತೊರೆಯ ಹೆಸರು ಹೊತ್ತ ಬಂಡೆ, ಅವರೇ ವಿವರಿಸಿದ ನಿಯಮದಂತೆ ಸೀಳುತ್ತಿತ್ತು.

ಇದು ಕಣ್ಣೆದುರು ನಡೆಯುತ್ತಿದ್ದರೂ ಮುನ್ನೋಟಗಾರರಿಗೆ ಕಾಣಲಿಲ್ಲ. 2003ರಲ್ಲಿ ಫೆಡರಲ್ ರಿಸರ್ವ್ ಅಧ್ಯಕ್ಷ ಆಲನ್ ಗ್ರೀನ್‌ಸ್ಪಾನ್ ಸಂಸತ್ತಿಗೆ ಹೋಗಿ, ಅಮೆರಿಕ ಹೊರಗಿನಿಂದ ದ್ರವೀಕೃತ ಅನಿಲ ತರಿಸಿಕೊಳ್ಳಲು ಸಿದ್ಧವಾಗಬೇಕು ಅಂತ ಹೇಳಿದರು. ಲೂಸಿಯಾನಾದ ಸಬೀನ್ ಪಾಸ್‌ನಲ್ಲಿ ಶೆನಿಯರ್ ಕಂಪನಿ ಆಮದು ಟರ್ಮಿನಲ್ ಕಟ್ಟಿ 2008ರಲ್ಲಿ ತೆರೆಯಿತು. ಆಮದು ಮಾಡುವಂಥ ಅಗತ್ಯವೇ ಉಳಿಯಲಿಲ್ಲ. 1986ರಲ್ಲಿ 16 ಲಕ್ಷ ಕೋಟಿ ಘನ ಅಡಿಗೆ ಇಳಿದಿದ್ದ ಉತ್ಪಾದನೆ 2011ರಲ್ಲಿ 1973ರ ದಾಖಲೆ ಮುರಿಯಿತು. 2023ರಲ್ಲಿ 37 ಲಕ್ಷ ಕೋಟಿ ದಾಟಿತು. ಹಬರ್ಟ್ ಒಟ್ಟು ಇಷ್ಟೇ ಅಂದಿದ್ದ 850 ಲಕ್ಷ ಕೋಟಿ ಘನ ಅಡಿಯನ್ನು ಅಮೆರಿಕ ಹಿಂದಿನ ಶತಮಾನ ಮುಗಿಯುವ ಮೊದಲೇ ತೆಗೆದು ಮುಗಿಸಿತ್ತು.

ಸಬೀನ್ ಪಾಸ್ ಟರ್ಮಿನಲ್ 2016ರಿಂದ ರಫ್ತು ಶುರು ಮಾಡಿತು. ನಮ್ಮ ಗೇಲ್ ಕಂಪನಿ ಅಲ್ಲಿಂದ ವರ್ಷಕ್ಕೆ 35 ಲಕ್ಷ ಟನ್ ಕೊಳ್ಳಲು 2011ರಲ್ಲೇ ಒಪ್ಪಂದ ಮಾಡಿಕೊಂಡಿತ್ತು. ಅದರ ಮೊದಲ ಹಡಗು 2018ರ ಮಾರ್ಚ್ ಕೊನೆಗೆ ಮಹಾರಾಷ್ಟ್ರದ ದಾಭೋಲ್‌ಗೆ ಬಂತು. ದಾಭೋಲ್‌ನಿಂದ ಬೆಳಗಾವಿ, ಧಾರವಾಡ, ಚಿತ್ರದುರ್ಗ, ತುಮಕೂರು ಕಡೆಯಿಂದ ಬೆಂಗಳೂರಿಗೆ ಕೊಳವೆ ಇದೆ. ಮುಗಿದೇ ಹೋಯಿತು ಅಂದುಕೊಂಡಿದ್ದ ಅನಿಲಕ್ಕೆ ಬೆಂಗಳೂರಿನ ಅಡುಗೆಮನೆಯ ತನಕ ದಾರಿ ಸಿಕ್ಕಿತು.

ನಮ್ಮದೇ ಗೆರೆ

ಹಾಗಂತ ಹಬರ್ಟ್ ಗೆರೆ ಸುಳ್ಳು ಅಂತ ಎದ್ದುಹೋಗುವಂತಿಲ್ಲ. ಬಾರ್ನೆಟ್ ಬಯಲನ್ನೇ ತೆಗೆದುಕೊಳ್ಳಿ. ಶೇಲ್ ಬಾವಿಯ ಉತ್ಪಾದನೆ ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಹೆಚ್ಚು ಕುಸಿಯುತ್ತೆ. ಇಡೀ ಬಾರ್ನೆಟ್ 2010ರ ದಶಕದ ಆರಂಭದಲ್ಲಿ ತುದಿ ಮುಟ್ಟಿ, ಈಗ ಅದರ ಅರ್ಧಕ್ಕಿಂತ ಕೆಳಗಿದೆ. ಒಂದು ನಿಕ್ಷೇಪಕ್ಕೆ ಗಂಟೆಯ ಗೆರೆ ಸರಿಯಾಗೇ ಹೊಂದುತ್ತೆ. ಒಂದು ದೇಶಕ್ಕೆ ಹೊಂದುವುದಿಲ್ಲ, ಯಾಕಂದರೆ ಬೆಲೆ ಮತ್ತು ತಂತ್ರಜ್ಞಾನ ಸೇರಿ ಹೊಸ ಹೊಸ ನಿಕ್ಷೇಪಗಳನ್ನು ಲೆಕ್ಕದೊಳಗೆ ತರುತ್ತಾ ಇರುತ್ತವೆ.

ನಮ್ಮಲ್ಲಿ ತಪ್ಪಾದದ್ದು ಇದರ ಉಲ್ಟಾ ದಿಕ್ಕಿನಲ್ಲಿ. ಕೃಷ್ಣಾ ಗೋದಾವರಿ ಕೊಳ್ಳದ ಡಿ6 ಬ್ಲಾಕ್‌ನಲ್ಲಿ 2009ರ ಏಪ್ರಿಲ್‌ನಲ್ಲಿ ಅನಿಲ ಬರಲು ಶುರುವಾದಾಗ ದಿನಕ್ಕೆ 8 ಕೋಟಿ ಘನ ಮೀಟರ್ ಬರುತ್ತೆ ಅನ್ನೋ ಯೋಜನೆ ಇತ್ತು. 2010ರಲ್ಲಿ 6 ಕೋಟಿಯ ಆಸುಪಾಸು ಮುಟ್ಟಿತು, 2013ರ ಹೊತ್ತಿಗೆ ಒಂದೂವರೆ ಕೋಟಿಗಿಂತ ಕೆಳಗಿಳಿಯಿತು. ಆ ಅನಿಲವನ್ನು ನಂಬಿ ಕಟ್ಟಿದ ವಿದ್ಯುತ್ ಸ್ಥಾವರಗಳು, ಅದರಲ್ಲೂ ಆಂಧ್ರದವು, ಇಂಧನವಿಲ್ಲದೆ ನಿಂತವು. ಸಾಲ ಕೊಟ್ಟ ಬ್ಯಾಂಕುಗಳ ದುಡ್ಡು ಸಿಕ್ಕಿಹಾಕಿಕೊಂಡಿತು. ಅಮೆರಿಕ ಇಳಿಕೆಯ ಗೆರೆಯನ್ನು ನಂಬಿ ಕೆಟ್ಟಿತು, ನಾವು ಏರುವ ಗೆರೆಯನ್ನು ನಂಬಿ ಕೆಟ್ಟೆವು. ಎರಡೂ ಕಡೆ ಒಟ್ಟು ಎಷ್ಟು, ಯಾವ ಬೆಲೆಗೆ, ಯಾವ ತಂತ್ರದಿಂದ ಅನ್ನೋ ಪ್ರಶ್ನೆಗಳನ್ನು ಸರಿಯಾಗಿ ಕೇಳಲಿಲ್ಲ. ದೇಶಕ್ಕೆ ಬೇಕಾದ ಅನಿಲದಲ್ಲಿ ಸುಮಾರು ಅರ್ಧ ಹೊರಗಿನಿಂದ ಬರುವ ಈ ಹೊತ್ತಿನಲ್ಲಿ ಆ ಪ್ರಶ್ನೆಗಳು ಹಳತಾಗಿಲ್ಲ.

1956ರ ಆ ಪ್ರಬಂಧದಲ್ಲಿ ಇನ್ನೊಂದು ಚಿತ್ರ ಇತ್ತು. ಹಿಂದಿನ 5,000 ವರ್ಷ, ಮುಂದಿನ 5,000 ವರ್ಷಗಳ ಉದ್ದದ ಗೆರೆಯ ಮೇಲೆ ಕಲ್ಲಿದ್ದಲು, ತೈಲ, ಅನಿಲದ ಇಡೀ ಯುಗ ಒಂದು ಚೂಪು ಮೊನೆಯಂತೆ ಎದ್ದು ಬಿದ್ದುಹೋಗುತ್ತೆ. ಆಗ ಹಬರ್ಟ್ ಪರಮಾಣು ಶಕ್ತಿಯನ್ನು ನಂಬಿದ್ದರು. ಅದರ ತ್ಯಾಜ್ಯದ ಸಮಸ್ಯೆ ನೋಡಿದ ಮೇಲೆ ಸೌರಶಕ್ತಿಯ ಕಡೆ ತಿರುಗಿದರು. ಮೊನೆ ಎಷ್ಟು ಎತ್ತರ, ಯಾವ ವರ್ಷ ಮುರಿಯುತ್ತೆ ಅನ್ನೋದರಲ್ಲಿ ಅವರ ಲೆಕ್ಕ ತಪ್ಪಿತು. ಅದು ಮೊನೆ ಅನ್ನೋದರಲ್ಲಿ ತಪ್ಪಿಲ್ಲ. ಅನಿಲ ಮುಗಿಯಲಿ ಅಂತ ಕಾಯದೆ ವಾತಾವರಣಕ್ಕೋಸ್ಕರ ಅದನ್ನು ಬಿಡಬೇಕಾದ ಸ್ಥಿತಿ ನಮ್ಮದು. ಆ ಇಳಿಕೆಯ ಗೆರೆಯನ್ನು ಬಂಡೆ ಎಳೆಯುವುದಿಲ್ಲ, ನಾವೇ ಎಳೆಯಬೇಕು.